ಸಾಂಬ್ರಾನೋ, ಹುಬ್ಬಳ್ಳಿನೋ? ಗೇಟಿನ ಹೊರಗ ನಿಂತವನ ರಿವ್ಯೂ

"ಅಣ್ಣಾ, ನಮಗ ಯಾವ ಏರ್‌ಪೋರ್ಟ್ ಹತ್ರ ಆಗತೈತಿ?" ಅಂತ ವಾರದಾಗ ಒಬ್ಬರರೆ ಫೋನ್ ಮಾಡಿ ಕೇಳೇ ಕೇಳ್ತಾರ. ಎರಡು ಮಾತಿನ್ಯಾಗ ಹೇಳಾಕ ಬರಂಗಿಲ್ಲ, ಅದಕ್ಕ ಬರದು ಇಡಾಕತ್ತೀನಿ. ಇನ್ಮ್ಯಾಲ ಕೇಳಿದವರಿಗೆ ಇದನ್ನ ಕಳಿಸಿಬಿಡ್ತೀನಿ.

ನಂದು ಬಾಗಲಕೋಟಿ ನವನಗರ. ಹಳದಿ ಬೋರ್ಡಿನ ಎರ್ಟಿಗಾ, ಹಳೇ ಡೀಸೆಲ್ ಮಾಡೆಲ್. ವಿಮಾನ ನಿಲ್ದಾಣದ ಒಳಗ ಕುರ್ಚಿ ಹೆಂಗದಾವ, ಕಾಫಿಗೆ ಎಷ್ಟು ತಗೋತಾರ ಅಂತ ಬರಿಯೋ ಮಂದಿ ಬೇಕಾದಷ್ಟು ಅದಾರ. ನಂದು ಗೇಟಿನ ಹೊರಗಿನ ರಿವ್ಯೂ. ಮನಿ ಬಾಗಲದಿಂದ ಗೇಟಿನತನಾ ಏನೇನ ಆಗತೈತಿ, ಎಷ್ಟು ಹೊತ್ತು ಹಿಡಿತೈತಿ, ಅಷ್ಟ.

ಮದಲ ಕಿಲೋಮೀಟರಿನ ಮಾತು ಮುಗಿಸಿಬಿಡೂನು. ಬಾಗಲಕೋಟಿಯಿಂದ ಸಾಂಬ್ರಾ, ಅಂದ್ರ ಬೆಳಗಾವಿ ಏರ್‌ಪೋರ್ಟ್, ಸುಮಾರು 130 ಕಿ.ಮೀ., ಹುಬ್ಬಳ್ಳಿ ಏರ್‌ಪೋರ್ಟ್ ಸುಮಾರು 125. ಅಂದ್ರ ಎರಡೂ ಒಂದ. ಆ ಐದು ಕಿ.ಮೀ. ಸಲುವಾಗಿ ತಲಿ ಕೆಡಿಸ್ಕೊಳ್ಳೋರನ್ನ ನೋಡಿದ್ರ ನಗು ಬರತೈತಿ. ಒಂದು ಕಡೆ ರೇಲ್ವೆ ಗೇಟ್ ಬಿದ್ರ, ಇಲ್ಲಾ ಸಂತಿ ದಿವಸ ಒಂದು ಊರ ದಾಟಬೇಕಾದ್ರ, ಐದು ಕಿ.ಮೀ. ಅಲ್ಲೇ ಹೋತು. ಮೊಬೈಲಿನ್ಯಾಗಿನ ಮ್ಯಾಪು ಎರಡಕ್ಕೂ ಎರಡೂವರಿ ತಾಸು ಚಿಲ್ಲರೆ ತೋರಸತೈತಿ. ಅದಕ್ಕ ಕಬ್ಬಿನ ಹಂಗಾಮು ಗೊತ್ತಿಲ್ಲ.

ಸಾಂಬ್ರಾದ ದಾರಿ ತಗೋರಿ. ಗದ್ದನಕೇರಿ, ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿ. ರಾಯಚೂರ-ಬಾಚಿ ರಾಜ್ಯ ಹೆದ್ದಾರಿ ಅಂತಾರಲ್ಲ, ಅದ ರಸ್ತಾ. ಇದರಾಗ ಒಂದು ದೊಡ್ಡ ಅನುಕೂಲ ಐತಿ, ಭಾಳ ಮಂದಿಗೆ ಗೊತ್ತಿಲ್ಲ. ಸಾಂಬ್ರಾ ಬರೋದು ಬೆಳಗಾವಿಗಿಂತ ಮದಲ. ಬಾಗಲಕೋಟಿ ಕಡೆಯಿಂದ ಹೋಗೋರು ಬೆಳಗಾವಿ ಊರಾಗ ಹೋಗೋದ ಬ್ಯಾಡ, ಒಂದು ಸಿಗ್ನಲ್ ಸೈತ ಬರಂಗಿಲ್ಲ. ಬೆಳಗಾವ್ಯಾಗ ಇರೋರಿಗೆ ಏರ್‌ಪೋರ್ಟ್ ಊರ ಹೊರಗ ಹತ್ತು ಕಿ.ಮೀ. ಆದ್ರ, ನಮಗ ಆ ಹತ್ತು ಕಿ.ಮೀ. ಉಳಿತೈತಿ. ಪಂತ ಬಾಳೇಕುಂದ್ರಿ ದಾಟಿದ ಮ್ಯಾಲ ಚೀಲ ಕೈಯಾಗ ಹಿಡಕೊಂಡು ಕೂಡ್ರಿ, ಬಂದಬಿಡ್ತು.

ಚೀಲ ಹಗರಿದ್ದು, ಹಗಲಿನ ವಿಮಾನ ಇದ್ರ ನನ್ನ ಗಾಡಿನೂ ಬ್ಯಾಡ. ಬಾಗಲಕೋಟಿ-ಬೆಳಗಾವಿ ಬಸ್ಸು ಸಾಂಬ್ರಾ ಊರ ಮ್ಯಾಲಿಂದ ಹೋಗತಾವ, ಕಂಡಕ್ಟರ್‌ಗೆ ಮದಲ ಹೇಳಿಟ್ರ ಇಳಸ್ತಾನ. ನಮ್ಮ ಓಣಿ ಟೀಚರ್ ಒಬ್ಬಾಕಿ ಹಂಗ ಹೋಗ್ತಾಳ. 2023ರ ಜೂನದಿಂದ ಹೆಣಮಕ್ಕಳಿಗೆ ಬಸ್ಸು ಪುಕ್ಕಟ ಆಗೇತಲ್ಲ. ಬೆಂಗಳೂರಿನತನಾ ವಿಮಾನಕ್ಕ ಸಾವಿರಗಟ್ಟಲೆ, ಸಾಂಬ್ರಾತನಾ ಶಕ್ತಿ ಟಿಕೆಟು! ನಮ್ಮ ಧಂದೆಕ್ಕ ಲುಕ್ಸಾನು ಖರೆ, ಆದ್ರ ಆಕೀ ಲೆಕ್ಕ ತಪ್ಪು ಅನ್ನಾಕ ಬರಂಗಿಲ್ಲ.

ಈಗ ಈ ದಾರಿಯ ಕೆಡಕು. ದೀಪಾವಳಿ ಆಜೂಬಾಜೂ ಸಕ್ಕರಿ ಫ್ಯಾಕ್ಟರಿ ಚಾಲೂ ಆದ್ವು ಅಂದ್ರ ಮಾರ್ಚ್‌ತನಾ ಕಬ್ಬಿನ ಟ್ರ್ಯಾಕ್ಟರು. ಒಂದು ಇಂಜನ್, ಹಿಂದ ಎರಡು ಡಬ್ಬಿ, ಅದರಾಗ ಎರಡೂ ಬಾಜೂ ಹೊರಗ ಚಾಚಿದ ಕಬ್ಬು. ಹಿಂದಿನ ಡಬ್ಬಿಗೆ ದೀಪ ಇರಂಗಿಲ್ಲ. ಹೊಳಿಯೋ ಪಟ್ಟಿ ಹಚ್ಚಿದ್ರೂ ಅದರ ಮ್ಯಾಲ ಸೋಗಿ ಜೋತು ಬಿದ್ದಿರತೈತಿ. ಟ್ರ್ಯಾಕ್ಟರಿನವ ಟೇಪ್ ರೆಕಾರ್ಡ್ ಹಚ್ಚಿದ್ನಂದ್ರ ನೀವು ಹಾರ್ನ್ ಬಾರಿಸಿ ಬಾರಿಸಿ ಸತ್ರೂ ಅವಗ ಕೇಳಸಂಗಿಲ್ಲ. ಲೋಕಾಪುರದಿಂದ ಯರಗಟ್ಟಿ ನಡಕ ರಾತ್ರಿ ಹೊತ್ನ್ಯಾಗ ಎದರಿನ ಗಾಡಿ ಲೈಟು ಕಣ್ಣಿಗೆ ಹೊಡದ ಗಳಿಗ್ಯಾಗ ಮುಂದ ಇಂಥಾ ಡಬ್ಬಿ ನಿಂತಿತ್ತಂದ್ರ ದೇವರ ಗತಿ. ಪಂಕ್ಚರ್ ಆದ್ರ ಅಲ್ಲೇ ನಡುರಸ್ತೆದಾಗ ಬಿಟ್ಟು, ಸುತ್ತ ನಾಕು ಕಲ್ಲ ಇಟ್ಟು ಹೋಗಿರ್ತಾರ. ಹಿಂಗಾಗಿ ನಸಿಕಿನ ವಿಮಾನಕ್ಕ ಹಂಗಾಮಿನ್ಯಾಗ ನಾ ಅರ್ಧಾ ತಾಸು ಮದಲ ಬಿಡ್ತೀನಿ, ಅರವತ್ತರ ಮ್ಯಾಲ ಓಡಸಂಗಿಲ್ಲ. "ಏ ತಮ್ಮಾ, ಎತ್ತಿನ ಗಾಡಿ ಹೊಡದಂಗ ಹೊಡಿಯಾಕತ್ತೀಯಲ್ಲ" ಅಂತ ಹಿಂದ ಕುಂತವರು ಅಂದ್ರ ಅನ್ನಲಿ.

ಹಂಗಾಮು ಇಲ್ಲದಾಗ ಮಾತ್ರ ಇದರಂಥಾ ರಸ್ತಾ ಇಲ್ಲ. ಕಲಾದಗ್ಯಾಗ ರಸ್ತಾದ ಬಾಜೂಕ ಚಿಕ್ಕು, ದಾಳಿಂಬ್ರಿ ಒಟ್ಟಿ ಕುಂತಿರ್ತಾರ, ಬೆಂಗಳೂರಿಗೆ ಹೋಗೋರು ಇಲ್ಲೇ ಒಂದು ಬಾಕ್ಸ್ ತಗೋತಾರ. ಯರಗಟ್ಟ್ಯಾಗ ಚಾ. ನವನಗರ ಬಿಟ್ಟು ಎರಡು ತಾಸು ನಲವತ್ತು ಮಿನಿಟಕ್ಕ ಗೇಟು. ಈ ಹೊತ್ತು ಹೆಚ್ಚುಕಮ್ಮಿ ಆಗೋದು ಕಮ್ಮಿ, ಅದ ಇದರ ಗುಣ. ವಿಮಾನಕ್ಕ ಹೋಗೋರಿಗೆ ಬೇಕಾಗಿರೋದು ಲಗೂ ಮುಟ್ಟೋದಲ್ಲ, ಹೇಳಿದ ಹೊತ್ತಿಗೆ ಮುಟ್ಟೋದು.

ಹುಬ್ಬಳ್ಳಿ ದಾರಿ ಇದರ ಉಲ್ಟಾ. ಕೆರೂರ, ಕುಳಗೇರಿ ಕ್ರಾಸ್, ಕೊಣ್ಣೂರ, ನರಗುಂದ, ನವಲಗುಂದ. ಸೊಲ್ಲಾಪುರ-ವಿಜಯಪುರ ಕಡೆಯಿಂದ ಬರೋ ರಾಷ್ಟ್ರೀಯ ಹೆದ್ದಾರಿ 52. ಕಾಗದದ ಮ್ಯಾಲ ಇದು ದೊಡ್ಡ ರಸ್ತಾ. ಆದ್ರ ನರಗುಂದ ದಾಟಿದ ಮ್ಯಾಲ ಪೂರಾ ಎರಿ ಭೂಮಿ. ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರಕ ಬಿಡತೈತಿ, ಎಷ್ಟು ಸಲ ಡಾಂಬರ್ ಹಾಕಿದ್ರೂ ಕೆಳಗಿನ ಮಣ್ಣು ಸುಮ್ಮನಿರಂಗಿಲ್ಲ. ತಗ್ಗು ಕಾಣಸಂಗಿಲ್ಲ, ಆದ್ರ ಗಾಡಿ ತೊಟ್ಟಲದಂಗ ತೂಗತೈತಿ. ಬಸರಿ ಹೆಣಮಕ್ಕಳನ್ನ, ಬೆನ್ನಿನ ಆಪರೇಷನ್ ಆದವರನ್ನ ಕರಕೊಂಡು ಹೋಗೋದಿದ್ರ ನಾ ಹುಬ್ಬಳ್ಳಿ ಬ್ಯಾಡ್ರಿ ಅಂತ ಮದಲ ಹೇಳಿಬಿಡ್ತೀನಿ.

ಮ್ಯಾಲ ಮಳಿ. ಕೊಣ್ಣೂರ ಹತ್ರ ಮಲಪ್ರಭಾ, ನವಲಗುಂದ ಕಡೆ ಬೆಣ್ಣಿಹಳ್ಳ, ತುಪ್ಪರಿಹಳ್ಳ. ಹೆಸರು ಕೇಳಿದ್ರ ಬೆಣ್ಣಿ, ತುಪ್ಪಾ. ಬಂದ್ರ ಹೊಲದ ಸಮೇತ ಒಯ್ತಾವ. 2019ರ ಆಗಸ್ಟಿನ್ಯಾಗ ನವಿಲುತೀರ್ಥ ಡ್ಯಾಮಿನ ನೀರು ಬಿಟ್ಟಾಗ ಕೊಣ್ಣೂರ ಹತ್ರ ಹೆದ್ದಾರಿನ ನೀರಾಗ ಹೋಗಿತ್ತು. ಅಂಥಾ ಟೈಮಿನ್ಯಾಗ ಹುಬ್ಬಳ್ಳಿ ಟಿಕೆಟ್ ಕೈಯಾಗ ಹಿಡಕೊಂಡು ಕುಂತ್ರ ವಿಮಾನ ಅದರ ಪಾಡಿಗೆ ಅದು ಹೋಗತೈತಿ. ಮಹದಾಯಿ ನೀರಿನ ಸಲುವಾಗಿ ನರಗುಂದ, ನವಲಗುಂದದಾಗ ರಸ್ತಾ ಬಂದ್ ಆದಾಗನೂ ಹಂಗ. ಬಂದ್ ಮಾಡಿದವರ ಮ್ಯಾಲ ನನಗ ಸಿಟ್ಟಿಲ್ಲ. ಅವರು ಕುಡಿಯೋ ನೀರು ಕೇಳಾಕತ್ತಾರ, ನಾವು ವಿಮಾನ ಹಿಡಿಯಾಕ ಹೊಂಟೀವಿ. ಸುತ್ತು ಹಾಕಿ ಹೋದ್ರಾತು.

ಹುಬ್ಬಳ್ಳಿ ಮುಟ್ಟಿದ್ವಿ ಅಂದ್ರ ಏರ್‌ಪೋರ್ಟ್ ಮುಟ್ಟಿದ್ವಿ ಅಂತ ತಿಳಕೊಳ್ಳಬ್ಯಾಡ್ರಿ. ನಾವು ಬರೋದು ಕುಸುಗಲ್ ಕಡೆಯಿಂದ, ಏರ್‌ಪೋರ್ಟ್ ಇರೋದು ಗೋಕುಲ ರೋಡಿಗೆ, ಊರ ಆ ತುದಿಗೆ. ಕೇಶ್ವಾಪುರ, ಚನ್ನಮ್ಮ ಸರ್ಕಲ್ ಪೂರಾ ದಾಟಬೇಕು. ಫ್ಲೈಓವರ್ ಕೆಲಸ ಹಿಡದಾಗಿಂದ ಚನ್ನಮ್ಮ ಸರ್ಕಲ್ ಕಥಿ ಹುಬ್ಬಳ್ಳಿ ಮಂದೀನ ಕೇಳ್ರಿ. ಸಂಜಿ ಐದರಿಂದ ಎಂಟರ ಒಳಗ ಈ ಒಂದು ಊರ ದಾಟಾಕ ಮುಕ್ಕಾಲು ತಾಸು ಇಟಕೋಬೇಕು. ನಸಿಕಿನ್ಯಾಗ ಹದಿನೈದು ಮಿನಿಟ ಸಾಕು. ಹಿಂಗಾಗಿ ಹುಬ್ಬಳ್ಳಿಗೆ ನನ್ನ ಸಲಹೆ ಇಷ್ಟ: ಮುಂಜಾನಿ ವಿಮಾನ ಇದ್ರ ಕಣ್ಣ ಮುಚ್ಚಿ ಹೋಗ್ರಿ, ಸಂಜೀದಿದ್ರ ಮೂರೂವರಿ ತಾಸು ಇಟಕೋರಿ.

ಹುಬ್ಬಳ್ಳಿ ಕಡೆ ನನಗ ಸೇರೋದು ಒಂದೈತಿ. ವಿಮಾನ ರದ್ದಾದ್ರ ನೀವು ಬಯಲಾಗ ನಿಂದ್ರಂಗಿಲ್ಲ. ರೇಲ್ವೆ ಜಂಕ್ಷನ್ ಹತ್ರನ ಐತಿ, ಬೆಂಗಳೂರಿಗೆ ರಾತ್ರಿ ಟ್ರೇನು, ಹಗಲಿ ವಂದೇ ಭಾರತ್, ತಾಸಿಗೊಂದು ಬಸ್ಸು. ಸಾಂಬ್ರಾದಾಗ ಹಂಗಾದ್ರ ಮದಲ ಬೆಳಗಾವಿಗೆ ಹೋಗಿ, ಆಮ್ಯಾಲ ವಿಚಾರ ಮಾಡಬೇಕು.

ಈ ಎರಡೂ ಏರ್‌ಪೋರ್ಟಿನ ನಡಕ ಎಷ್ಟು ದೂರ ಅಂತ ಯಾರೂ ಕೇಳಂಗಿಲ್ಲ. ಕೇಳೋ ಪ್ರಸಂಗ ಬರೋದ ಆಪತ್ತಿನ್ಯಾಗ. ನನಗ ಬಂದಿತ್ತು.

ಜುಲೈ ತಿಂಗಳು, ಬೆಳಗಾವಿ ಮಳಿ. ಕಲಾದಗಿಯ ಒಬ್ಬ ಕಾಕಾ, ಕಾಕು, ಬೆಂಗಳೂರಾಗ ಕಾಕಾನ ಕಣ್ಣಿನ ಆಪರೇಷನ್ ಮುಗಿಸಿ ಬರಾಕತ್ತಿದ್ರು. ನಾ ಸಾಂಬ್ರಾ ಗೇಟಿನ ಮುಂದ ಗಾಡಿ ಹಚ್ಚಿ ಕುಂತಿದ್ದೆ. ಮಾಡ ಎಷ್ಟು ಕೆಳಗ ಇಳದಿತ್ತಂದ್ರ ಮ್ಯಾಲ ವಿಮಾನದ ಸಪ್ಪಳ ಕೇಳಸತೈತಿ, ವಿಮಾನ ಕಾಣಸವಲ್ಲದು. ಎರಡು ಸುತ್ತು ಹೊಡದಂಗ ಕೇಳಿಸ್ತು, ಆಮ್ಯಾಲ ಸಪ್ಪಳನೂ ಹೋತು. ಭಾಳ ಹೊತ್ತಿನ ಮ್ಯಾಲ ಕಾಕಾನ ಫೋನು.

"ತಮ್ಮಾ, ನಾವು ಇಳದೀವಿ. ನೀ ಎಲ್ಲಿ ಅದೀ?"

"ಗೇಟಿನ ಮುಂದ ಅದೀನಿ ಕಾಕಾ. ವಿಮಾನ ಇನ್ನೂ ಇಳದಿಲ್ಲಲ್ಲ?"

"ಇಳದೈತೋ ಮಾರಾಯಾ. ನಾ ಹೊರಗ ನಿಂತೀನಿ. ಒಂದ ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೆ ಬೋರ್ಡು ಹುಬ್ಬಳ್ಳಿ ಅಂತ ಕಾಣಾಕತ್ತೇತಿ."

ಕಂಪನಿಯವರು ಬಸ್ಸು ಮಾಡಿ ಸಾಂಬ್ರಾಕ್ಕ ಕಳಸ್ತೀವಿ ಅಂದಿದ್ರಂತ. ಯಾವ ಕಂಪನಿ ಅಂತ ಕೇಳಬ್ಯಾಡ್ರಿ, ಮಳಿ ಬಂದ್ರ ಯಾರ ವಿಮಾನನೂ ಒಂದ. ಬಸ್ಸಿನ ದಾರಿ ನೋಡಿ ನೋಡಿ ಕಾಕು ಅಳಾಕ ಹತ್ತಿದ್ಲು, ಕಣ್ಣಿಗೆ ಹನಿ ಹಾಕೋ ಹೊತ್ತು ಆಗಿತ್ತು. "ಅಲ್ಲೇ ನಿಂದರ್ರಿ, ನಾನ ಬರ್ತೀನಿ" ಅಂತ ಗಾಡಿ ತಿರುವಿದೆ.

ನೆಟ್ಟಗ ಗೆರಿ ಎಳದ್ರ ಸಾಂಬ್ರಾ ರನ್‌ವೇಯಿಂದ ಹುಬ್ಬಳ್ಳಿ ರನ್‌ವೇ ಸುಮಾರು 75 ಕಿ.ಮೀ. ಮ್ಯಾಲಿನವರಿಗೆ ಅದು ಹತ್ತು-ಹದಿನೈದು ಮಿನಿಟ. ಕೆಳಗಿನವರಿಗೆ ನೂರು ಕಿ.ಮೀ.ಗೆ ಜರಾ ಮ್ಯಾಲ. ಬೆಳಗಾವಿ ಅಂಚಿಗೆ ಬಂದು ಹೆದ್ದಾರಿ 48 ಹತ್ತಬೇಕು. ಮಂದಿ ಬಾಯಾಗ ಇವತ್ತಿಗೂ ಅದು ಎನ್ಎಚ್ ನಾಕ. ಸುವರ್ಣ ವಿಧಾನಸೌಧ ದಾಟಿ, ಹಿರೇಬಾಗೇವಾಡಿ ಟೋಲು, ಮಲಪ್ರಭಾ ಸೇತುವಿ, ಎಂ.ಕೆ. ಹುಬ್ಬಳ್ಳಿ. ಈ ಎಂ.ಕೆ. ಹುಬ್ಬಳ್ಳಿ ಬೋರ್ಡ್ ನೋಡಿ "ಏ ಬಂತಲ್ಲ!" ಅಂತ ಎದ್ದು ಚೀಲ ಹುಡುಕಿದ ಪರದೇಶದ ಪ್ಯಾಸೆಂಜರ್‌ನ್ನ ನೋಡೀನಿ. ಅವರು ಹೋಗೋ ಹುಬ್ಬಳ್ಳಿ ಇನ್ನೂ ತಾಸಿನ ದಾರಿ. ಇಲ್ಲಿತನಾ ರಸ್ತಾ ಭಾರಿ ಛಲೋ, ಗಾಡಿ ತಾನ ಓಡತೈತಿ. ಕಿತ್ತೂರ ದಾಟಿ ಧಾರವಾಡದ ನರೇಂದ್ರ ಕ್ರಾಸಿನ್ಯಾಗ ಬೈಪಾಸಿಗೆ ಬಿದ್ರೋ, ಅಲ್ಲಿಂದ ಮಜಾ ಮುಗೀತು. ಪುಣೆ-ಬೆಂಗಳೂರಿನ ಅಷ್ಟೂ ಲಾರಿ ಒಂದು ಸಣ್ಣ ರಸ್ತಾದಾಗ, ಎದರಾ ಬದರಾ, ನಡಕ ಡಿವೈಡರ್ ಇಲ್ಲ. 2021ರ ಜನವರಿಯೊಳಗ ಇಟಿಗಟ್ಟಿ ಹತ್ರ ದಾವಣಗೆರೆಯ ಹೆಣಮಕ್ಕಳು ಗೋವಾಕ್ಕ ಹೊಂಟಾಗ ಸತ್ರಲ್ಲ, ಅದ ರಸ್ತಾ. ಈಗ ಅಗಲ ಮಾಡೋ ಕೆಲಸ ಹಿಡದಾರ. ಕೆಲಸ ನಡದಲ್ಲಿ ಡೈವರ್ಷನ್ನು, ಧೂಳಾ, ಲಾರಿ ಸಾಲು. ಅವತ್ತು ನನಗ ಸಾಂಬ್ರಾ ಗೇಟಿಂದ ಹುಬ್ಬಳ್ಳಿ ಗೇಟಿಗೆ ಎರಡು ತಾಸಿನ ಮ್ಯಾಲ ಇಪ್ಪತ್ತು ಮಿನಿಟ ಹಿಡೀತು. ಮಳಿ ಇಲ್ಲದ ದಿವಸ ಎರಡು ತಾಸು ಅಂತ ಬರಕೋರಿ. ಮ್ಯಾಪು ಒಂದೂ ಮುಕ್ಕಾಲು ಅಂತೈತಿ, ನಂಬಬ್ಯಾಡ್ರಿ.

ಅಲ್ಲಿಂದ ಅವರನ್ನ ಹತ್ತಿಸಿಕೊಂಡು ನವಲಗುಂದ ಮ್ಯಾಲಿಂದ ಕಲಾದಗಿಗೆ. ಒಂದ ದಿವಸದಾಗ ತ್ರಿಕೋನದ ಮೂರೂ ಬಾಜು ಮುಗದ್ವು. ಕಾಕಾ ಬಾಡಗಿ ವಿಚಾರದಾಗ ಒಂದು ಮಾತು ಆಡಲಿಲ್ಲ, ಪೂರಾ ಎಣಿಸಿ ಕೊಟ್ರು. ಕಂಪನಿ ಕಡೆಯಿಂದ ಅವರಿಗೆ ಸಿಕ್ಕಿದ್ದು ಒಂದು ಬಿಸ್ಕಿಟ್ ಪುಡಾ, ಒಂದು ನೀರಿನ ಬಾಟಲಿ.

ಈ ಎರಡು ಏರ್‌ಪೋರ್ಟಿಗೆ ಹೆಸರಿಡೋ ಮಾತೂ ಇದ ದಾರೀದು. 2023ರ ಡಿಸೆಂಬರಿನ್ಯಾಗ ವಿಧಾನಸಭೆಯೊಳಗ ಠರಾವು ಆತು: ಬೆಳಗಾವಿಗೆ ಕಿತ್ತೂರ ರಾಣಿ ಚನ್ನಮ್ಮ, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ. ನಡಕ ಕಿತ್ತೂರ. ಯಾರು ಆರಿಸಿದ್ರೋ, ಛಲೋ ಆರಿಸ್ಯಾರ.

ಇಷ್ಟು ಹತ್ರ ಎರಡು ನಿಲ್ದಾಣ ಇದ್ರ ಏನಾಗತೈತಿ ಅಂದ್ರ, ಒಂದರ ಪ್ಯಾಸೆಂಜರ್‌ನ್ನ ಇನ್ನೊಂದು ಎಳೀತೈತಿ. ಸಾಂಬ್ರಾ ಹಳೇದು. 1942ರಾಗ ಬ್ರಿಟಿಷರ ವಾಯುಪಡೆ ಮಾಡಿದ್ದು, ಇವತ್ತಿಗೂ ಬಾಜೂಕ ಏರ್‌ಮನ್ ಟ್ರೇನಿಂಗ್ ಸ್ಕೂಲ್ ಐತಿ. ತಲಿ ಬೋಳಿಸಿದ ಹುಡುಗ್ರು ಕಪ್ಪು ಟ್ರಂಕ್ ಹೊತ್ತು ನಿಂತಿರೋದು ದಿನಾ ಕಾಣಸತೈತಿ. ಹೊಸಾ ಟರ್ಮಿನಲ್ 2017ರ ಸೆಪ್ಟೆಂಬರಿನ್ಯಾಗ ಆತು. ಮರುವರ್ಷ ಹುಬ್ಬಳ್ಳಿಗೆ, ಸಣ್ಣ ಊರಿನ ವಿಮಾನಕ್ಕ ಸರಕಾರ ರೊಕ್ಕ ಕೊಡೋ ಉಡಾನ್ ಸ್ಕೀಮು ಬಂತು, ಬೆಳಗಾವ್ಯಾಗ ಇದ್ದ ವಿಮಾನ ಅಲ್ಲಿಗೆ ಹಾರಿದ್ವು. ಹೊಸಾ ಟರ್ಮಿನಲ್ ಭಣಭಣ. 2019ರಾಗ ಉಡಾನ್ ಮೂರನೇ ಸುತ್ತಿನ್ಯಾಗ ಬೆಳಗಾವಿ ಸೇರಿತು, ಮತ್ತ ಗದ್ದಲ. ಆ ಸ್ಕೀಮಿನ ಸಹಾಯಧನ ಒಂದು ದಾರಿಗೆ ಮೂರು ವರ್ಷ ಅಷ್ಟ. ಮೂರು ವರ್ಷ ಮುಗೀತಂದ್ರ ಸೀಟು ತುಂಬದ ದಾರಿ ಬಂದ್. ಹಿಂಗಾಗಿ "ಹೋದ ವರ್ಷ ಆ ಊರಿಗೆ ಸಾಂಬ್ರಾದಿಂದ ವಿಮಾನ ಇತ್ತಲ್ಲಣ್ಣಾ" ಅಂತ ನನ್ನ ಕೇಳಬ್ಯಾಡ್ರಿ. ಹೋದ ವರ್ಷದ್ದು ಹೋದ ವರ್ಷಕ್ಕ. ಟಿಕೆಟ್ ತಗಿಯೋ ದಿವಸ ಎರಡೂ ನಿಲ್ದಾಣ ಹಾಕಿ ನೋಡ್ರಿ, ಐಎಕ್ಸ್‌ಜಿ ಅಂದ್ರ ಬೆಳಗಾವಿ, ಎಚ್‌ಬಿಎಕ್ಸ್ ಅಂದ್ರ ಹುಬ್ಬಳ್ಳಿ. ಟಿಕೆಟಿನ್ಯಾಗ ಸಾವಿರ, ಎರಡ ಸಾವಿರ ಫರಕ್ ಇದ್ರ ರಸ್ತಾದ ವಿಚಾರನ ಬಿಡ್ರಿ, ಸಸ್ತಾ ಕಡೆ ಹೋಗ್ರಿ.

ರನ್‌ವೇ ಹುಬ್ಬಳ್ಳೀದು 2,600 ಮೀಟರ್, ಬೆಳಗಾವೀದು 2,300. ದೊಡ್ಡ ವಿಮಾನ ಎರಡೂ ಕಡೆ ಇಳೀತಾವ, ಆದ್ರ ನಮ್ಮ ಕಡೆ ಬರೋದು ಹೆಚ್ಚಾಗಿ ಪಂಖಾದ ಎಟಿಆರ್, ಇಲ್ಲಾ ಸಣ್ಣ ಎಂಬ್ರೇರ್. ಐವತ್ತರಿಂದ ಎಂಬತ್ತು ಸೀಟು. ಮದಲ ಸಲ ಹೋಗೋ ಹಿರ್ಯಾರು ಪಂಖಾ ನೋಡಿ ಅಂಜತಾರ. ಅಂಜಬ್ಯಾಡ್ರಿ, ಕಿಡಕಿ ಬಾಜು ಕೂಡ್ರಿ, ಕೆಳಗ ಹೊಲ ಮನಿ ಎಲ್ಲಾ ಕಾಣಸ್ತಾವ.

ಈಗ ನನ್ನ ಹೊಟ್ಟಿ ಮ್ಯಾಲ ನಾನ ಹೊಡಕೊಳ್ಳೋ ಲೆಕ್ಕ ಹೇಳ್ತೀನಿ. ಬಾಗಲಕೋಟಿಯಿಂದ ಗೇಟಿಗೆ ಮೂರು ತಾಸು. ಕೌಂಟರ್ ಒಂದು ತಾಸು ಮದಲ ಮುಚ್ಚತಾರ, ಅಂದ್ರ ಒಂದೂವರಿ ತಾಸು ಮದಲ ಇರಬೇಕು. ವಿಮಾನದಾಗ ಒಂದೂಕಾಲು ತಾಸು. ದೇವನಹಳ್ಳ್ಯಾಗ ಇಳದು ಚೀಲ ಬರೋತನಾ ಅರ್ಧಾ ತಾಸು. ಅಲ್ಲಿಂದ ಮೆಜೆಸ್ಟಿಕ್ ಸುಮಾರು 35 ಕಿ.ಮೀ., ವಾಯುವಜ್ರ ಬಸ್ಸಿನ್ಯಾಗ ಒಂದು ತಾಸು, ಒಂದೂವರಿ ತಾಸು. ಮಗ ಎಲೆಕ್ಟ್ರಾನಿಕ್ ಸಿಟ್ಯಾಗ ಇದ್ರ ಎರಡು ತಾಸಿನ ಮ್ಯಾಲ. ಎಲ್ಲಾ ಕೂಡಿಸ್ರಿ, ಎಂಟು ತಾಸಿನ ಆಜೂಬಾಜೂ ಆಗತೈತಿ. ಬಾಗಲಕೋಟಿಯಿಂದ ರಾತ್ರಿ ಒಂಬತ್ತಕ್ಕ ಸ್ಲೀಪರ್ ಬಸ್ಸು ಹತ್ತಿದವ ಮುಂಜಾನಿ ಆರು-ಏಳಕ್ಕ ಮೆಜೆಸ್ಟಿಕ್‌ನ್ಯಾಗ ಹಲ್ಲ ತಿಕ್ಕತಿರ್ತಾನ. ಗೋಲಗುಂಬಜ್ ಎಕ್ಸ್‌ಪ್ರೆಸ್ ಇನ್ನೂ ತಡಾ, ಆದ್ರ ಕಾಲ ಚಾಚಿ ಮಲಗಬಹುದು. ರೊಕ್ಕ ಅಂತೂ ಹೋಲಸೋದ ಬ್ಯಾಡ.

ಹಂಗಾದ್ರ ವಿಮಾನಕ್ಕ ಹೋಗೋರು ಯಾರು? ಮೊಣಕಾಲ ನೋವಿನವರು, ಬಸ್ಸಿನ ಮ್ಯಾಲಿನ ಸೀಟು ಹತ್ತಾಕ ಆಗದವರು. ಅವತ್ತ ಹೋಗಿ ಮರದಿವಸ ಬರೋ ಸಿಮೆಂಟ್ ಫ್ಯಾಕ್ಟರಿ, ಸಕ್ಕರಿ ಫ್ಯಾಕ್ಟರಿ ಸಾಹೇಬ್ರು. ಬೆಂಗಳೂರಾಗ ಇಳದು ಅಲ್ಲಿಂದ ಮುಂದ ದಿಲ್ಲಿಗೋ ದುಬೈಗೋ ಹೋಗೋರು. ಇವರಿಗೆ ಊರಾಗ ಹೋಗೋ ಕಾಟಿಲ್ಲ, ವಿಮಾನದ ಖರೇ ಲಾಭ ಇವರಿಗೇ. ಕಣ್ಣು, ಹಾರ್ಟು ಆಪರೇಷನ್ ಆಗಿ ಬರೋರು. ಉಳದವರು ಹೌಸಿಗೆ ಒಂದ ಸಲ ಹೋಗ್ರಿ, ಬ್ಯಾಡ ಅನ್ನಂಗಿಲ್ಲ.

ಬಾಡಗಿ ಬಗ್ಗೆ ಒಂದು ಮಾತು, ಯಾಕಂದ್ರ ಜಗಳ ಆಗೋದು ಇಲ್ಲೇ. "130 ಕಿ.ಮೀ.ಗೆ ಇಷ್ಟ್ಯಾಕ?" ಅಂತಾರ. ನಿಮ್ಮನ್ನ ಬಿಟ್ಟು ಗಾಡಿ ಹಾರಿ ಬರಂಗಿಲ್ಲ, ಖಾಲಿ ಗಾಡಿ ವಾಪಸ್ ಬರಬೇಕು. 260 ಕಿ.ಮೀ. ಲೆಕ್ಕನ ಲೆಕ್ಕ. ಹುಬ್ಬಳ್ಳ್ಯಾಗ ವಾಪಸ್ ಬರಾಕ ಒಬ್ಬರಿಬ್ಬರು ಸಿಗಬಹುದು, ಬಾದಾಮಿ ನೋಡಾಕ ಬಂದವರು. ಸಿಕ್ರ ನಿಮಗೂ ಕಡಿಮಿ ಮಾಡ್ತೀನಿ. ಸಾಂಬ್ರಾದಾಗ ಆ ಆಸೆ ಇಲ್ಲ. ಬಾದಾಮಿ ಮಾತು ಬಂತಂತ ಹೇಳ್ತೀನಿ: ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡೋ ಮಂದಿ ಸಾಂಬ್ರಾಕ್ಕ ಟಿಕೆಟ್ ತಗಿಬ್ಯಾಡ್ರಿ. ಹುಬ್ಬಳ್ಳಿಗೆ ಇಳದ್ರ ಕುಳಗೇರಿ ಕ್ರಾಸಿನ್ಯಾಗ ಹೊಳ್ಳಿದ್ರ ಬಾದಾಮಿ ಬಂದಂಗ. ನಮ್ಮ ಜಿಲ್ಲಾದ ಉತ್ತರಕ್ಕ ಜಮಖಂಡಿ, ಮುಧೋಳ, ಮಹಾಲಿಂಗಪುರದವರಿಗೆ ಸಾಂಬ್ರಾನ. ಇಳಕಲ್, ಹುನಗುಂದದವರಿಗೆ ಎರಡೂ ದೂರ, ಅವರು ಬಸ್ಸು ಹಿಡಿಯೋದ ಶಾಣೇತನ.

ಚೀಲದಾಗ ಏನ ಒಯ್ಯಬೇಕು ಅನ್ನೋದನ್ನೂ ಡ್ರೈವರ್‌ನ ಹೇಳಬೇಕಾಗೇತಿ. ಒಣಾ ಕೊಬ್ಬರಿ ವಿಮಾನದಾಗ ಬಿಡಂಗಿಲ್ಲ. ಎಣ್ಣಿ ಪದಾರ್ಥ, ಬೆಂಕಿ ಹತ್ತತೈತಿ ಅಂತ 2022ರಿಂದ ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸ್ಯಾರ. ನಮ್ಮ ಕಡೆ ಸೀಮಂತಕ್ಕ, ಉಡಿ ತುಂಬಾಕ ಕೊಬ್ಬರಿ ಬಟ್ಟಲ ಇಲ್ಲದ ನಡಿಯಂಗಿಲ್ಲ. ಒಬ್ಬ ಅವ್ವಾರು ಮಗಳ ಉಡಿ ತುಂಬಾಕ ಅರಿವ್ಯಾಗ ಗಂಟ ಕಟ್ಟಿ ಒಯ್ದಿದ್ರು. ಒಳಗ ಎಕ್ಸ್‌ರೇ ಮಷೀನಿನ್ಯಾಗ ದುಂಡಗ ಕಂಡ ಕೂಡ್ಲೇ ಗಂಟ ಬಿಚ್ಚಿಸ್ಯಾರ. ನಾ ಇನ್ನೂ ಪಾರ್ಕಿಂಗ್ ಬಿಟ್ಟಿರಲಿಲ್ಲ, ಫೋನ್ ಬಂತು, "ಯಪ್ಪಾ, ಬಂದು ಇಸಕೊಂಡು ಹೋಗು". ಗಾಜಿನ ಬಾಗಲದ ಆಕಡೆ ಅವ್ವಾರು, ಈಕಡೆ ನಾ, ನಡಕ ಬಂದೂಕದ ಸಿಪಾಯಿ, ಅವನ ಕೈಯಾಗ ಐದು ಬಟ್ಟಲ ಕೊಬ್ಬರಿ, ಅರಿಷಿಣ ಹಚ್ಚಿದ್ದು. ಸಿಪಾಯಿ ಯಾವ ಊರಾವನೋ, ಕನ್ನಡ ಬರಂಗಿಲ್ಲ, ಆದ್ರ ಎರಡೂ ಕೈಲೆ ಹಿಡಕೊಂಡು ಬಂದಿದ್ದ. ಬೆಂಗಳೂರಾಗ ಕಿರಾಣಿ ಅಂಗಡಿ ಅದಾವ, ಕೊಬ್ಬರಿ ಅಲ್ಲೇ ತಗೋರಿ. ತುಪ್ಪದ ಡಬ್ಬಿ ಕೈಚೀಲದಾಗ ಇಡಬ್ಯಾಡ್ರಿ, ಕೆಳಗ ಹಾಕೋ ಚೀಲದಾಗ ಇಡ್ರಿ. ಅಮೀನಗಡ ಕರದಂಟು, ಶೇಂಗಾ ಚಟ್ನಿ, ಖಡಕ್ ರೊಟ್ಟಿಗೆ ಇಲ್ಲಿತನಾ ಯಾರೂ ತಕರಾರು ಮಾಡಿಲ್ಲ.

ನನ್ನ ಸ್ಟಾರ್ ಕೇಳ್ತೀರೇನು? ಸಾಂಬ್ರಾಕ್ಕ ನಾಕು, ಹಂಗಾಮಿನ್ಯಾಗ ರಾತ್ರಿ ಇದ್ರ ಮೂರು. ಹುಬ್ಬಳ್ಳಿಗೆ ಮುಂಜಾನಿ ನಾಕು, ಸಂಜಿ ಎರಡೂವರಿ. ನಡಕಿನ ಬೈಪಾಸಿಗೆ ಒಂದ, ಅದೂ ಅಗಲ ಮಾಡಾಕತ್ತಾರ ಅನ್ನೋ ಸಲುವಾಗಿ.

ವಿಜಯಪುರದವರು ಓದಾಕತ್ತಿದ್ರ ನಿಮ್ಮ ಲೆಕ್ಕನ ಬ್ಯಾರೆ. ಹುಬ್ಬಳ್ಳಿ ನಿಮಗ ಸುಮಾರು 200 ಕಿ.ಮೀ., ಕಲಬುರಗಿ ಸುಮಾರು 160, ಸೊಲ್ಲಾಪುರ ನೂರರ ಹತ್ರ. ನಿಮ್ಮ ಊರ ಬಾಜೂಕ ಬುರಣಾಪುರದಾಗ 2021ರಾಗ ಅಡಿಗಲ್ಲು ಬಿದ್ದ ನಿಲ್ದಾಣ ಐತಿ. ರನ್‌ವೇ, ಕಟ್ಟಡ ಎಲ್ಲಾ ಎದ್ದಾವ, ಪರಿಸರ ಅನುಮತಿ ತಕರಾರಿನ್ಯಾಗ ವಿಮಾನ ಇಳದಿಲ್ಲ. ಅದು ಚಾಲೂ ಆತಂದ್ರ ಬಾಗಲಕೋಟಿಯಿಂದ ಕೊಲ್ಹಾರ ಸೇತುವಿ ದಾಟಿ ತೊಂಬತ್ತು ಕಿ.ಮೀ. ಒಳಗ ಮುಟ್ಟತೇವಿ, ಊರಾಗ ಹೋಗೋ ಕಾಟಿಲ್ಲ, ಕಬ್ಬಿನ ಕಾಟ ಕಮ್ಮಿ. ನನ್ನ ಬಾಡಗಿನೂ ಕಮ್ಮಿ ಆಗತೈತಿ, ಅದು ಬ್ಯಾರೆ ಮಾತು.

ನಸಿಕಿನ ವಿಮಾನ ಇದ್ದವರು ಹಿಂದಿನ ದಿವಸ ಸಂಜಿ ಆರರ ಒಳಗ ಫೋನ್ ಮಾಡ್ರಿ, ಟಿಕೆಟಿನ ಫೋಟೋ ಕಳಸ್ರಿ. ಯಾವ ನಿಲ್ದಾಣ ಅಂತ ಟಿಕೆಟ್ ನೋಡಿನ ನಾ ಗಾಡಿ ಹೊರಗ ತಗಿಯೋದು. ಐದು ಮಂದಿ, ಐದು ದೊಡ್ಡ ಚೀಲ ಇದ್ರ ಮದಲ ಹೇಳ್ರಿ, ಹಿಂದಿನ ಸೀಟು ಮಡಚಬೇಕಾಗತೈತಿ, ಇಲ್ಲಾ ಮ್ಯಾಲ ಕ್ಯಾರಿಯರ್ ಕಟ್ಟಬೇಕಾಗತೈತಿ. ಟೋಲು, ಪಾರ್ಕಿಂಗ್ ನಿಮ್ಮದು. ಚಾ ನಂದು.